ತೊಣ್ಣೂರಿನಿಂದ ಪ್ಯಾರಿಸ್‌ಗೆ ಎಷ್ಟು ದೂರ?

ತೊಣ್ಣೂರು ಕೆರೆಯ ಏರಿಯ ಮೇಲೆ ನಿಂತವರಿಗೆ ಮೊದಲು ನೆನಪಾಗುವವರು ಶ್ರೀರಾಮಾನುಜಾಚಾರ್ಯರು. ಶ್ರೀರಂಗವನ್ನು ಬಿಟ್ಟು ಹೊಯ್ಸಳ ನಾಡಿಗೆ ಬಂದ ಅವರ ಹೆಸರು ಈ ಊರಿನೊಡನೆ ಬೆರೆತುಹೋಗಿದೆ. ಆದರೆ ಇಲ್ಲಿಂದ ಸುಮಾರು ಹತ್ತು ಕಿಲೋಮೀಟರ್ ದೂರದ ಪಾಂಡವಪುರಕ್ಕೆ ಇನ್ನೂ ದೂರದ ನಂಟೊಂದಿದೆ. ಹೈದರಾಲಿ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿಯ ಬಂಡೆಗಳ ಬಳಿ ಪಾಳೆಯ ಹೂಡಿದ್ದರಿಂದ, ಹಿರೋಡೆ ಎಂಬ ಆ ಊರು ಬಹುಕಾಲ 'ಫ್ರೆಂಚ್ ರಾಕ್ಸ್' ಎನಿಸಿಕೊಂಡಿತ್ತು.

ಈಗ ಬೆಂಗಳೂರಿನಿಂದ ಪ್ಯಾರಿಸ್ಸಿಗೆ ಆಕಾಶಮಾರ್ಗದಲ್ಲಿ ಸುಮಾರು 7,800 ಕಿ.ಮೀ. ನೇರ ವಿಮಾನವಾದರೆ ಹತ್ತು ಗಂಟೆಯ ಆಸುಪಾಸು. ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು 1787ಕ್ಕೆ ಬನ್ನಿ.

ಟಿಪ್ಪುವಿಗೆ ಆಗ ಇಂಗ್ಲಿಷರ ವಿರುದ್ಧ ಒಬ್ಬ ಗಟ್ಟಿ ಮಿತ್ರ ಬೇಕಿತ್ತು. ಮಹಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮಹಮದ್ ಉಸ್ಮಾನ್ ಖಾನ್ ಎಂಬ ಮೂವರು ರಾಯಭಾರಿಗಳು 1787ರ ಜುಲೈ 22ರಂದು ಪಾಂಡಿಚೇರಿಯಲ್ಲಿ ಹಡಗು ಹತ್ತಿದರು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮುನ್ನ ಆಫ್ರಿಕಾ ಖಂಡವನ್ನೇ ಬಳಸಿ ಹೋಗಬೇಕು. ಗಾಳಿ ಒಲಿಯುವವರೆಗೆ ಬಂದರಿನಲ್ಲಿ ಕಾಯಬೇಕು. ಮಾರಿಷಸ್ಸಿನಲ್ಲಿ ತಂಗಿ, ಗುಡ್‌ಹೋಪ್ ಭೂಶಿರ ಸುತ್ತಿ, ಅವರು ಫ್ರಾನ್ಸಿನ ತೂಲೋನ್ ಬಂದರು ಮುಟ್ಟಿದ್ದು 1788ರ ಜೂನ್ 9ರಂದು. ಎಣಿಸಿ ನೋಡಿ, 323 ದಿನಗಳು! ಪ್ಯಾರಿಸ್ ಸೇರುವಾಗ ಜುಲೈ 16.

ಊರಿಗೆ ಊರೇ ಅವರನ್ನು ನೋಡಲು ನೆರೆಯಿತು. ಹೆಸರಾಂತ ಚಿತ್ರಗಾರ್ತಿ ವಿಜೆ ಲ ಬ್ರೂನ್ ದರ್ವೇಶ್ ಖಾನನ ಆಳೆತ್ತರದ ಚಿತ್ರ ಬರೆದಳು. ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿ ದರ್ಶನವಿತ್ತ. ಸುಲ್ತಾನನ ಕೋರಿಕೆ ಹತ್ತು ಸಾವಿರ ಸೈನಿಕರು. ಆದರೆ 1783ರಲ್ಲೇ ಫ್ರಾನ್ಸ್ ಇಂಗ್ಲೆಂಡಿನೊಡನೆ ಸಂಧಿ ಮಾಡಿಕೊಂಡಿತ್ತು, ಬೊಕ್ಕಸವಂತೂ ಬರಿದಾಗಿತ್ತು. ದರ್ಬಾರು ನಡೆದು ಆರೇ ದಿನಕ್ಕೆ ಫ್ರಾನ್ಸಿನ ಖಜಾನೆ ಸಾಲಗಾರರಿಗೆ ನಗದು ಪಾವತಿಯನ್ನು ನಿಲ್ಲಿಸಿತೆಂದರೆ ಸ್ಥಿತಿ ಊಹಿಸಬಹುದು. ದೊರೆತದ್ದು ಕೆಲವು ಕುಶಲಕರ್ಮಿಗಳು, ಪಿಂಗಾಣಿ ಪಾತ್ರೆಗಳು, ಬೀಜಗಳು, ಸಿಹಿ ಮಾತು.

ಇವರು ಪಾಂಡಿಚೇರಿಗೆ ಮರಳಿದ್ದು 1789ರ ಮೇ ತಿಂಗಳಲ್ಲಿ. ಒಂದು 'ಇಲ್ಲ' ಎಂಬ ಉತ್ತರಕ್ಕೆ ಹಿಡಿದದ್ದು ಹತ್ತಿರ ಹತ್ತಿರ 22 ತಿಂಗಳು! ಎರಡು ತಿಂಗಳಲ್ಲಿ ಪ್ಯಾರಿಸ್ಸಿನ ಬ್ಯಾಸ್ಟಿಲ್ ಕೋಟೆ ಬಿತ್ತು. ಮರುವರ್ಷ ಮೂರನೆಯ ಮೈಸೂರು ಯುದ್ಧ ಆರಂಭವಾಯಿತು. ಟಿಪ್ಪು ಒಂಟಿಯಾಗಿ ಕಾದಾಡಿ, 1792ರಲ್ಲಿ ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ.

ದೂರ ಅವನನ್ನು ಮತ್ತೊಮ್ಮೆ ಕಾಡಿತು. 1799ರ ಜನವರಿಯಲ್ಲಿ ನೆಪೋಲಿಯನ್ ಕೈರೋದಿಂದ ಅವನಿಗೆ ಪತ್ರ ಬರೆದ. ಅದು ಅವನನ್ನು ತಲಪುವ ಮೊದಲೇ ಇಂಗ್ಲಿಷರ ಕೈಸೇರಿತು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು.

ದೂರದ ತೊಡಕು ಇಂಗ್ಲಿಷರಿಗೂ ಇತ್ತಲ್ಲ ಎಂದು ನೀವು ಕೇಳಬಹುದು. ಇತ್ತು ನಿಜ. ಆದರೆ ಟಿಪ್ಪುವಿಗೆ ಬೇಕಾದ ಸೈನ್ಯ ಸಮುದ್ರದಾಚೆಗಿತ್ತು, ಅವರದು ಮದರಾಸಿನಲ್ಲೇ ಇತ್ತು. ಗವರ್ನರ್ ಜನರಲ್ ವೆಲ್ಲೆಸ್ಲಿ ಪ್ರತಿ ಹೆಜ್ಜೆಗೂ ಲಂಡನ್ನಿನ ಅಪ್ಪಣೆಗೆ ಕಾಯಲಿಲ್ಲ. ಶ್ರೀರಂಗಪಟ್ಟಣ ಬಿದ್ದ ಸುದ್ದಿ ಲಂಡನ್ ತಲಪಿದ್ದು ಸೆಪ್ಟೆಂಬರಿನಲ್ಲಿ. ಅಷ್ಟರಲ್ಲಿ ಮೈಸೂರಿನ ಸಿಂಹಾಸನದ ಮೇಲೆ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಕೂಡಿಸಿಯೂ ಆಗಿತ್ತು.