ಬ್ರಹ್ಮಗಿರಿಯ ಕಲ್ಲರಳಿ

ಚಳ್ಳಕೆರೆಯಿಂದ ಮೊಳಕಾಲ್ಮುರಿನ ಕಡೆಗೆ ಹೋದಂತೆ ಮರಗಳು ವಿರಳವಾಗಿ ಬಂಡೆಗಳು ಹೆಚ್ಚುತ್ತವೆ. ಮಳೆ ಕಡಿಮೆ; ಶೇಂಗಾ ಬಿತ್ತಿದವರು ಮುಗಿಲು ನೋಡುತ್ತಲೇ ಇರಬೇಕು. ಇಂಥ ಸೀಮೆಯಲ್ಲಿ, ಹಿಡಿ ಮಣ್ಣೂ ಇಲ್ಲದ ಬಂಡೆಯ ಸೀಳಿನಲ್ಲಿ ಬೇರೂರಿ ನಿಲ್ಲುವ ಮರ ಕಲ್ಲರಳಿ. ಎಲೆ ಕಟ್ಟೆಯ ಅರಳಿಯದರಂತೆಯೇ, ಆದರೆ ಅಷ್ಟುದ್ದದ ಬಾಲವಿಲ್ಲ. ತೊಟ್ಟು, ನರಗಳಲ್ಲಿ ಕೆಂಪು ಛಾಯೆ. ಸಸ್ಯಶಾಸ್ತ್ರದ ಫೈಕಸ್ ಆರ್ನಾಟಿಯಾನ ಎಂಬ ಹೆಸರು ಸ್ಕಾಟ್ಲೆಂಡಿನ ವಿದ್ವಾಂಸ ಆರ್ನಾಟನ ನೆನಪಿಗೆ. ನಮ್ಮವರು ಕಲ್ಲನ್ನು ನೋಡಿ ಹೆಸರಿಟ್ಟರು. ನನಗೆ ಅದೇ ಸರಿಯೆನಿಸುತ್ತದೆ.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಇಸಿಲದ ಮಹಾಮಾತ್ರರಿಗೆ ಕಳಿಸಿದ ಆಜ್ಞೆಯದು. ಬರೆದ ಚಪಡನು 'ಲಿಪಿಕಾರ' ಎಂಬ ತನ್ನ ವೃತ್ತಿಯನ್ನು ಮಾತ್ರ ವಾಯವ್ಯ ಸೀಮೆಯ ಖರೋಷ್ಠಿಯಲ್ಲಿ ಬರೆದಿದ್ದಾನೆ. (ಎಲ್ಲಿಂದ ಎಲ್ಲಿಗೆ ಬಂದ ಗುಮಾಸ್ತನೋ, ಪಾಪ!) ಅಶೋಕನು ದಾರಿಯಲ್ಲಿ ಆಲ ನೆಡಿಸಿದನೆಂದು ಮಕ್ಕಳೆಲ್ಲ ಒಪ್ಪಿಸುತ್ತಾರೆ. ಆ ಮಾತಿರುವುದು ನಮ್ಮ ಬಂಡೆಗಳ ಮೇಲಲ್ಲ, ಈಗ ದೆಹಲಿಯಲ್ಲಿರುವ ತೋಪ್ರಾ ಸ್ತಂಭದ ಮೇಲೆ. ಈ ಪಾಠ ಬಂದಾಗಲೆಲ್ಲ ನಾನು ಕೇಳುತ್ತೇನೆ: ಆಲದ ದಾಯಾದಿ ಕಲ್ಲರಳಿಯನ್ನು ನೆಡಿಸಿದವರು ಯಾರು?

ಹಕ್ಕಿ, ಬಾವಲಿಗಳು. ಹಣ್ಣು ತಿಂದು ಹಿಕ್ಕೆ ಹಾಕಿದ ಕಡೆ ಬೀಜ ಮೊಳೆಯುತ್ತದೆ. ಆದರೆ ಬೀಜ ಕಟ್ಟಲು ಕಣಜ ಬೇಕು. ಅತ್ತಿಹಣ್ಣು ಬಿಚ್ಚಿದರೆ ಹುಳ ಎಂದು ಮೂಗು ಮುರಿಯುತ್ತೇವಲ್ಲ, ಆ ಹುಳವೇ ಈ ಕುಲಕ್ಕೆಲ್ಲ ಆಧಾರ. ಹೂಗಳಿರುವುದು ಕಾಯಿಯ ಒಳಗೆ. ಎಳ್ಳಿಗಿಂತ ಚಿಕ್ಕ ಹೆಣ್ಣು ಕಣಜ ಸಣ್ಣ ಕಿಂಡಿಯಲ್ಲಿ ರೆಕ್ಕೆ ಮುರಿದುಕೊಂಡು ನುಗ್ಗಿ, ಪರಾಗ ಮುಟ್ಟಿಸಿ, ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ರೆಕ್ಕೆಯಿಲ್ಲದ ಗಂಡುಮರಿಗಳು ಗೋಡೆ ಕೊರೆದು ದಾರಿ ಮಾಡಿದರೆ ಹೆಣ್ಣುಮರಿಗಳು ಪರಾಗ ಹೊತ್ತು ಹೊರಡುತ್ತವೆ. ಆಯುಸ್ಸು ಒಂದೆರಡು ದಿನ. ಅಷ್ಟರೊಳಗೆ ಎಳೆಗಾಯಿ ಬಿಟ್ಟ ಇನ್ನೊಂದು ಕಲ್ಲರಳಿ ಸಿಗಬೇಕು.

ಇತಿಹಾಸ ಹೇಳುವ ನನಗೆ ಇಲ್ಲೊಂದು ಇಕ್ಕಟ್ಟು. ಈ ಬೇರು ಕೂದಲೆಳೆಯ ಬಿರುಕು ಹೊಕ್ಕು ದಪ್ಪವಾಗುತ್ತ ಕಲ್ಲನ್ನೇ ಸೀಳಬಲ್ಲದು. ಕೋಟೆಗೋಡೆ, ಗುಡಿಯ ಶಿಖರ, ಶಾಸನದ ಬಂಡೆಯಲ್ಲಿ ಸಸಿ ಕಂಡರೆ ಕೀಳಲೇಬೇಕು. ಅದಕ್ಕೆ ನನ್ನ ತಕರಾರಿಲ್ಲ. ಅಕ್ಷರವಿಲ್ಲದ ಬಂಡೆಯ ಮಾತು ಬೇರೆ. ಜಲ್ಲಿಗೆಂದು ಗುಡ್ಡ ಒಡೆದರೆ ಮರವೂ ಅದರ ಜೊತೆಗೇ ಹೋಗುತ್ತದೆ, ಲೆಕ್ಕಕ್ಕೂ ಸಿಗುವುದಿಲ್ಲ. ನಾಲ್ಕು ಗುಡ್ಡದಾಚೆ ಉಳಿದ ಒಂಟಿ ಮರ ಕಾಯಿ ಬಿಟ್ಟು, ಕಣಜ ಬಾರದೆ, ಹೀಚು ಉದುರಿಸುತ್ತ ನಿಂತಿರುತ್ತದೆ.