ಖಾಲಿ ಸಿಂಹಾಸನ, ಖಾಲಿ ಕುರ್ಚಿ: ನಾಟಕ ಆಪ್ತಸಮಾಲೋಚನೆಯಾದ ಕಥೆ

ಆಪ್ತಸಮಾಲೋಚನೆ ಅಂದ ಕೂಡಲೇ ಕಣ್ಣ ಮುಂದೆ ಬರೋದು ಎರಡು ಕುರ್ಚಿ, ಎದುರುಬದುರು ಕೂತು ಮಾತಾಡುವ ಇಬ್ಬರು. ಆದರೆ ದೊಡ್ಡವರನ್ನು ರಂಗದ ಮೇಲೆ ಹತ್ತಿಸಿ, ಅವರ ಮನೆ ಜಗಳವನ್ನೇ ಆಡಿಸಿ ಮನಸ್ಸಿನ ಗಂಟು ಬಿಡಿಸೋ ದಾರಿಯೂ ಒಂದಿದೆ. ಸೈಕೋಡ್ರಾಮಾ ಅಂತಾರೆ. ಮನೋನಾಟಕ ಅನ್ನಬಹುದು. ಇವತ್ತು ಅದು ಹುಟ್ಟಿದ ಕಥೆ ಹೇಳ್ತೀನಿ.

ವಿಯೆನ್ನಾ ನಗರ, 1921ರ ಏಪ್ರಿಲ್ 1. ಯುದ್ಧದಲ್ಲಿ ಸೋತ ಆಸ್ಟ್ರಿಯಾದ ಚಕ್ರವರ್ತಿ 1918ರಲ್ಲೇ ಅಧಿಕಾರ ಬಿಟ್ಟು ಹೋಗಿದ್ದ. ಊರಿಗೆ ದಿಕ್ಕುದೆಸೆ ಇರಲಿಲ್ಲ. ಅವತ್ತು ರಾತ್ರಿ ಕೊಮೋಡಿಯೆನ್‌ಹೌಸ್ ರಂಗಮಂದಿರದಲ್ಲಿ ಪರದೆ ಸರಿದಾಗ ಕಂಡಿದ್ದು ಒಂದು ಸಿಂಹಾಸನ, ಒಂದು ಕಿರೀಟ, ರಾಜನ ನಿಲುವಂಗಿ. ನಟರಿಲ್ಲ, ನಾಟಕದ ಪ್ರತಿಯೂ ಇಲ್ಲ. ಮೂವತ್ತೊಂದು ವರ್ಷದ ವೈದ್ಯನೊಬ್ಬ ನಿಂತು, ಬನ್ನಿ, ಇದರ ಮೇಲೆ ಕೂತು ದೇಶವನ್ನು ಹೇಗೆ ಆಳ್ತೀರಿ ಹೇಳಿ ಅಂತ ಪ್ರೇಕ್ಷಕರನ್ನೇ ಕರೆದ. ಕೆಲವರು ಬಂದರು. ರಾಜನಾಗೋಕೆ ಲಾಯಕ್ಕು ಅಂತ ಸಭೆ ಯಾರನ್ನೂ ಒಪ್ಪಲಿಲ್ಲ. ಪ್ರಯೋಗ ನೆಲಕಚ್ಚಿತು.

ಆ ವೈದ್ಯನೇ ಜೇಕಬ್ ಲೆವಿ ಮೊರೆನೊ. 1889ರಲ್ಲಿ ಬುಕಾರೆಸ್ಟ್‌ನಲ್ಲಿ ಹುಟ್ಟಿದ ಯಹೂದಿ. ಸೋತ ಮೇಲೂ ಸುಮ್ಮನೆ ಕೂರಲಿಲ್ಲ. ಸ್ವಲ್ಪ ಸಮಯದಲ್ಲೇ ಆಶುನಾಟಕದ ತಂಡ ಕಟ್ಟಿದ. ನಮ್ಮ ತಾಳಮದ್ದಳೆ ಕೇಳಿದವರಿಗೆ ಆಶುಮಾತು ಹೊಸದೇನಲ್ಲ ಬಿಡಿ. ಆದರೆ ಅಲ್ಲಿ ಕಥೆ ಪುರಾಣದ್ದು, ಇಲ್ಲಿ ಅವತ್ತಿನ ಪತ್ರಿಕೆಯದ್ದು.

ಆ ತಂಡದಲ್ಲಿ ಒಬ್ಬ ನಟಿ ಇದ್ದಳು. ಮೊರೆನೊ ತನ್ನ ಬರಹದಲ್ಲಿ ಅವಳನ್ನು ಬಾರ್ಬರಾ ಅಂತ ಕರೀತಾನೆ. ಮುಗ್ಧ, ಸಾಧ್ವಿ ಹೆಣ್ಣಿನ ಪಾತ್ರಕ್ಕೆ ಹೆಸರುವಾಸಿ. ಅವಳನ್ನು ಮೆಚ್ಚಿ ಮದುವೆಯಾದ ಜಾರ್ಜ್ ಒಂದು ದಿನ ಮೊರೆನೊ ಹತ್ತಿರ ಬಂದು ಗೋಳು ತೋಡಿಕೊಂಡ: ರಂಗದ ಮೇಲೆ ದೇವತೆ, ಮನೆಯಲ್ಲಿ ಬೈಗುಳ, ಹೊಡೆತ. ಮೊರೆನೊ ಬುದ್ಧಿವಾದ ಹೇಳಲಿಲ್ಲ, ಅವಳ ಪಾತ್ರ ಬದಲಿಸಿದ. ಬೀದಿಯಲ್ಲಿ ಕೊಲೆಯಾದ ವೇಶ್ಯೆಯ ಸುದ್ದಿ ಪತ್ರಿಕೆಯಲ್ಲಿ ಬಂದಿತ್ತು. ಆ ವೇಶ್ಯೆಯ ಪಾತ್ರ ಬಾರ್ಬರಾಗೆ ಬಂತು. ಬೈದಳು, ಒದ್ದಳು, ಕಿರುಚಿದಳು. ಮೊರೆನೊ ಹೇಳೋ ಪ್ರಕಾರ ದಿನ ಕಳೆದಂತೆ ಮನೆಯಲ್ಲಿ ರೋಷ ಇಳೀತಾ ಬಂತು. ಆಮೇಲೆ ಗಂಡನನ್ನೂ ರಂಗಕ್ಕೆ ಕರೆದು, ಇಬ್ಬರ ಮನೆಯ ಸಂಗತಿಗಳನ್ನೇ ಆಡಿಸಿದ. ನೋಡೋಕೆ ಬಂದವರಿಗೂ ಅದು ತಮ್ಮದೇ ಕಥೆ ಅನ್ನಿಸ್ತಿತ್ತಂತೆ.

ಈ ಕಥೆಯನ್ನು ಹೇಳೋರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸ್ತಾರೆ. ನನಗೆ ಅದು ಸರಿ ಅನ್ನಿಸಲ್ಲ. ಆ ಜಾರ್ಜ್ ಯಾರು ಅಂತ ಸಂಶೋಧಕರು ಆಮೇಲೆ ಗುರುತಿಸಿದರು: ಆಸ್ಟ್ರಿಯಾದ ಲೇಖಕ ಗಿಯೋರ್ಗ್ ಕುಲ್ಕಾ. ಆತ 1929ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ನಾಟಕದಿಂದಲೇ ಹೀಗಾಯ್ತು ಅಂತ ಯಾರೂ ಹೇಳೋಕಾಗಲ್ಲ, ನಾನೂ ಹೇಳ್ತಿಲ್ಲ. ಆದರೆ ಒಳಗಿನ ಸಿಟ್ಟನ್ನು ರಂಗದ ಮೇಲೆ ಕಕ್ಕಿಬಿಟ್ಟರೆ ಮನಸ್ಸು ಹಗುರ, ಸಂಸಾರ ಸಸೂತ್ರ ಅನ್ನೋ ಸುಲಭದ ಲೆಕ್ಕ ಮೊದಲ ಉದಾಹರಣೆಯಲ್ಲೇ ಕೈಕೊಡುತ್ತೆ.

ಮೊರೆನೊ 1925ರಲ್ಲಿ ಅಮೆರಿಕಕ್ಕೆ ಹೋದ. ಅಲ್ಲಿ ಸಿಂಗ್ ಸಿಂಗ್ ಜೈಲಿನ ಕೈದಿಗಳ ಅಧ್ಯಯನ ಮಾಡಿದ. 1936ರಲ್ಲಿ ನ್ಯೂಯಾರ್ಕ್ ರಾಜ್ಯದ ಬೀಕನ್‌ನಲ್ಲಿ ಮನೋರೋಗಿಗಳ ಆರೈಕೆಗೆ ಆಸ್ಪತ್ರೆ ತೆರೆದು, ಅದರಲ್ಲೇ ರಂಗಮಂದಿರ ಕಟ್ಟಿಸಿದ. ಒಂದರ ಮೇಲೊಂದು ಮೂರು ದುಂಡು ಹಂತಗಳ ರಂಗ, ಮೇಲೊಂದು ಬಾಲ್ಕನಿ. 1942ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಏಡ್ರಿಯನ್ ಹಿಲ್ ಎಂಬ ಕಲಾವಿದ ಕ್ಷಯರೋಗಿಗಳ ಕೈಗೆ ಕುಂಚ ಕೊಟ್ಟು, ಆ ಕೆಲಸಕ್ಕೆ ಆರ್ಟ್ ಥೆರಪಿ ಅಂತ ಹೆಸರಿಟ್ಟಿದ್ದ. ಅದು ಇನ್ನೊಂದು ಕಂತಿನ ವಿಷಯ.

ಈ ಪದ್ಧತಿಯ ಕ್ರಮ ನೋಡಿ. ಮೊದಲು ಮೈಮನ ಬಿಸಿಯಾಗಿಸೋದು. ಆಮೇಲೆ ಆಟ. ಅಪ್ಪನ ಮೇಲೆ ಸಿಟ್ಟಿರೋ ಐವತ್ತರ ಮನುಷ್ಯ ಅಂತಿಟ್ಟುಕೊಳ್ಳಿ. ಅಪ್ಪ ತೀರಿಕೊಂಡು ಎಷ್ಟೋ ವರ್ಷ ಆಗಿದೆ. ಎದುರಿಗೆ ಒಂದು ಖಾಲಿ ಕುರ್ಚಿ ಹಾಕ್ತಾರೆ. ಆತ ಅದಕ್ಕೆ ಹೇಳಬೇಕಾದ್ದೆಲ್ಲ ಹೇಳ್ತಾನೆ. ನಂತರ ಎದ್ದು ಹೋಗಿ ಅದೇ ಕುರ್ಚಿಯಲ್ಲಿ ಅಪ್ಪನಾಗಿ ಕೂತು, ಮಗನಿಗೆ ಉತ್ತರ ಕೊಡಬೇಕು. ಪಾತ್ರ ಅದಲುಬದಲು ಅಂದರೆ ಇದೇ. ಬೈಯೋದು ಸುಲಭ, ಬೈಸಿಕೊಂಡವನ ಜಾಗದಲ್ಲಿ ಕೂರೋದು ಕಷ್ಟ.

ಮೂರನೇ ಹಂತವೇ ನನಗೆ ಮುಖ್ಯ ಅನ್ನಿಸೋದು. ಆಟ ಮುಗಿದ ಮೇಲೆ ಪಾತ್ರ ಹಾಕಿದವರು ಪಾತ್ರ ಕಳಚಿ, ಗುಂಪಿನ ಜೊತೆ ಸುತ್ತ ಕೂರ್ತಾರೆ. ಅಲ್ಲಿ ಉಪದೇಶಕ್ಕೆ ಅವಕಾಶ ಇಲ್ಲ. ನೀನು ಹೀಗೆ ಮಾಡಬೇಕಿತ್ತು ಅನ್ನೋ ಹಾಗಿಲ್ಲ. ನನ್ನ ಬದುಕಲ್ಲೂ ಹೀಗಾಗಿತ್ತು ಅಂತ ತನ್ನದನ್ನು ಮಾತ್ರ ಹೇಳಬಹುದು. ನಮ್ಮಲ್ಲಿ ನಾಲ್ಕು ಜನ ಸೇರಿದರೆ ಮೊದಲು ಹೊರಡೋದೇ ಉಪದೇಶ ಅಲ್ವಾ! ತರಬೇತಿ ಇಲ್ಲದವರು ಒಂದು ದಿನದ ಶಿಬಿರದಲ್ಲಿ ಜನರನ್ನು ಅಳಿಸಿ, ಈ ಹಂತ ಹಾರಿಸಿ ಮನೆಗೆ ಕಳಿಸೋದು ಅಪಾಯ.

ಅಂದಹಾಗೆ, ರಂಗಾಯಣದ ಹುಲುಗಪ್ಪ ಕಟ್ಟೀಮನಿ ಅವರು ಮೈಸೂರು ಜೈಲಿನ ಕೈದಿಗಳಿಂದ ನಾಟಕ ಮಾಡಿಸಿದ್ದು ನಿಮಗೆ ನೆನಪಿರಬಹುದು. ಅದು ಮನೋನಾಟಕ ಅಲ್ಲ, ಅಲ್ಲಿ ಕೈದಿಗಳು ಆಡಿದ್ದು ತಮ್ಮ ಕಥೆಯನ್ನಲ್ಲ, ನಾಟಕಕಾರರ ಕಥೆಯನ್ನು. ಬೇರೆಯವರ ಮಾತಿನ ಮರೆಯಲ್ಲಿ ನಿಂತು ತನ್ನದನ್ನು ಹೇಳಿಕೊಳ್ಳೋ ಈ ಇನ್ನೊಂದು ದಾರಿಯ ಬಗ್ಗೆ ಮುಂದಿನ ವಾರ ಮಾತಾಡೋಣ.