ವಾಲಗದ ಮನೆಯ ಸ್ಯಾಕ್ಸೋಫೋನ್

1985ರ ಮೇ ತಿಂಗಳಲ್ಲಿ ಪುತ್ತೂರಿನಲ್ಲಿ ನನ್ನ ಮದುವೆ. ಗಂಡಿನ ಕಡೆಯವರು ಸುಳ್ಯದವರು. ಸೀರೆ, ಚಿನ್ನ ಯಾವುದಕ್ಕೂ ಹಟ ಮಾಡದ ನಾನು ಒಂದೇ ಒಂದು ವಿಷಯದಲ್ಲಿ ಪಟ್ಟು ಹಿಡಿದೆ. ಮದುವೆಗೆ ಸ್ಯಾಕ್ಸೋಫೋನ್ ಬೇಕು. ಮಂಗಳೂರಿನಲ್ಲಿ ಗೆಳತಿಯ ಮದುವೆಗೆ ಹೋಗಿದ್ದಾಗ ಕೇಳಿ ಮರುಳಾಗಿ ಬಂದಿದ್ದೆ. ಚಿನ್ನದ ಹಾಗೆ ಹೊಳೆಯುವ ಆ ವಾದ್ಯ, ಚಪ್ಪರದ ಆಚೆಯವರೆಗೂ ತುಂಬಿಕೊಳ್ಳುವ ಅದರ ನಾದ!

"ಎಂತದು ಮಾರಾಯ್ತಿ, ಮದುವೆಗೆ ಬ್ಯಾಂಡಿನವರಾ?" ಎಂದು ಅಜ್ಜಿ ಗಲ್ಲಕ್ಕೆ ಕೈಯಿಟ್ಟರು. ಅಪ್ಪನ ಕಷ್ಟವೇ ಬೇರೆ. ನಮ್ಮ ಮನೆಯ ಯಾವ ಶುಭಕಾರ್ಯಕ್ಕೂ ಊದುತ್ತಿದ್ದುದು ಊರಿನವರೇ ಆದ ಒಬ್ಬ ಹಿರಿಯ ನಾಗಸ್ವರದವರು. ಅಮ್ಮನ ಮದುವೆಗೂ ಅವರೇ. ಅಪ್ಪ ಒಂದು ಸಂಜೆ ಅವರ ಮನೆಗೆ ಹೋಗಿ ಬಂದರು. ಏನು ಹೇಳಿದರೋ, ಅವರು ಏನು ಹೇಳಿದರೋ, ನಾನು ಕೇಳಲಿಲ್ಲ. ಮದುವೆಯ ದಿನ ಅವರು ಬಿಳಿ ಶಾಲು ಹೊದ್ದು ಬಂದು ಚಪ್ಪರದ ಕಂಬಕ್ಕೆ ಒರಗಿ ಕೂತರು. ಧಾರೆಯ ಹೊತ್ತಿಗೆ ತಲೆಯೆತ್ತಿದಾಗ ನನಗೆ ಕಂಡದ್ದು ಅವರ ಕೈ. ಬೆರಳುಗಳು ತೊಡೆಯ ಮೇಲೆ ಮೆಲ್ಲಗೆ ಆಡುತ್ತಿದ್ದವು. ಊಟ ಮಾಡಿ ಹರಸಿ ಹೋದರು. ಆಮೇಲೆ ಅವರು ನಮ್ಮ ಮನೆಯ ಯಾವ ಕಾರ್ಯಕ್ಕೂ ಊದಿದ್ದಿಲ್ಲ.

ಒಬ್ಬರ ಹೊಟ್ಟೆಯ ಮೇಲೆ ಹೊಡೆದೆನೇ ಎಂಬ ಅಳುಕು ಆ ದಿನದಿಂದ ನನ್ನ ಜೊತೆಗೇ ಇದೆ. ಮನೆಯಲ್ಲಿ ಯಾರಿಗೂ ಹೇಳಿದವಳಲ್ಲ. ಈ ವಾದ್ಯ ನಮ್ಮ ಮದುವೆ ಚಪ್ಪರಕ್ಕೆ ಹೇಗೆ ಬಂತು ಎಂದು ನಾನು ಓದಲು, ಕೇಳಲು ಶುರುಮಾಡಿದ್ದಕ್ಕೆ ಈ ಅಳುಕೇ ಕಾರಣ.

ಸ್ಯಾಕ್ಸೋಫೋನನ್ನು ಮಾಡಿದವರು ಬೆಲ್ಜಿಯಂನ ಅಡಾಲ್ಫ್ ಸಾಕ್ಸ್. 1846ರಲ್ಲಿ ಪ್ಯಾರಿಸ್‌ನಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಮೊದಲು ಪಡೆಗಳ ಬ್ಯಾಂಡಿನಲ್ಲಿ, ಆಮೇಲೆ ಅಮೆರಿಕದ ಕರಿಯರ ಜಾಝ್ ಸಂಗೀತದಲ್ಲಿ ಅದು ಬೆಳೆಯಿತು. ಜಾಝ್‌ನಲ್ಲಿ ಬರೆದುಕೊಟ್ಟದ್ದನ್ನು ಊದಿದರೆ ಸಾಲದು, ವೇದಿಕೆಯಲ್ಲಿ ನಿಂತಲ್ಲೇ ಹೊಸತನ್ನು ಹುಟ್ಟಿಸಬೇಕು. ನಮ್ಮ ಮನೋಧರ್ಮಕ್ಕೆ ದೂರದ ನೆಂಟು ಎನ್ನಿ. ನಮ್ಮ ದೇಶದಲ್ಲಿ ಅದು ಇದ್ದದ್ದು ದೊಡ್ಡ ಹೋಟೆಲುಗಳಲ್ಲಿ, ಕ್ಲಬ್ಬುಗಳಲ್ಲಿ, ಸಿನಿಮಾದಲ್ಲಿ, ಅರಮನೆಯ ಬ್ಯಾಂಡಿನಲ್ಲಿ. ಅಂಥದ್ದು ಚಪ್ಪರಕ್ಕೆ ಬಂದದ್ದು ಪಟ್ಟಣದ ಶೋಕಿಯಿಂದ ಎಂದೇ ನಾನು ಎಣಿಸಿದ್ದೆ. ನನ್ನ ಎಣಿಕೆ ತಪ್ಪಾಗಿತ್ತು.

ಅದು ಬಂದದ್ದು ನಾಗಸ್ವರದ ಮನೆಯಿಂದಲೇ. ಕದ್ರಿ ಗೋಪಾಲನಾಥರು 1949ರಲ್ಲಿ ಹುಟ್ಟಿದ್ದು ನಮ್ಮ ಪಕ್ಕದ ಬಂಟ್ವಾಳ ತಾಲೂಕಿನ ಸಜೀಪಮೂಡದಲ್ಲಿ. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಹುಡುಗನೂ ಮೊದಲು ಹಿಡಿದದ್ದು ನಾಗಸ್ವರವನ್ನೇ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿದ ಮೇಲೆ ಮನಸ್ಸು ಅದರಲ್ಲಿ ನೆಟ್ಟಿತು. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಕಲಿತು, ಮುಂದೆ ಮದ್ರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರ ಶಿಷ್ಯರಾದರು.

ಇಷ್ಟು ಹೇಳಿದರೆ ಸುಲಭವಾಗಿ ಕಾಣುತ್ತದೆ. ಆದರೆ ಆ ವಾದ್ಯದ ಕಷ್ಟ ನೋಡಿ. ನಾಗಸ್ವರದಲ್ಲಿ ತೂತುಗಳು ತೆರೆದೇ ಇರುತ್ತವೆ. ಬೆರಳನ್ನು ಅರ್ಧ ಮುಚ್ಚಿ, ಕಾಲುಭಾಗ ಸರಿಸಿ, ಉಸಿರು ಬಿಗಿಹಿಡಿದು ಗಮಕ ತೆಗೆಯಬಹುದು. ಸ್ಯಾಕ್ಸೋಫೋನಿನ ತೂತು ಮುಚ್ಚುವುದು ಬೆರಳಲ್ಲ, ಕೀಲಿಗೆ ಹಚ್ಚಿದ ಮುಚ್ಚಳ. ಒತ್ತಿದರೆ ಒಂದು ಸ್ವರ, ಬಿಟ್ಟರೆ ಇನ್ನೊಂದು. ನಡುವೆ ಜಾರುವ ದಾರಿಯೇ ಇಲ್ಲ. ತೋಡಿಯ ಗಾಂಧಾರ ಅಲ್ಲಾಡದೆ ನೆಟ್ಟಗೆ ನಿಂತರೆ ಅದನ್ನು ತೋಡಿ ಎನ್ನುವವರು ಯಾರು? ಗೋಪಾಲನಾಥರು ತುಟಿಯ ಹಿಡಿತದಿಂದ, ಉಸಿರಿನ ಒತ್ತಡದಿಂದ, ವಾದ್ಯದಲ್ಲೇ ಕೆಲವು ಬದಲಾವಣೆ ಮಾಡಿಕೊಂಡು ಆ ಜಾರುದಾರಿಯನ್ನು ಕಂಡುಕೊಂಡರು. ಅದಕ್ಕೆ ವರ್ಷಗಟ್ಟಲೆ ಬೇಕಾಯಿತು. ಅಪ್ಪನ ಮನೆಯ ನಾದವನ್ನು ಹೊರಗಿನ ವಾದ್ಯದ ಬಾಯಲ್ಲಿ ಬರಿಸುವ ಹಟ ಅದು.

1980ರ ಬೊಂಬಾಯಿ ಜಾಝ್ ಉತ್ಸವದ ಪ್ರಸಂಗ ನನಗೆ ತುಂಬ ಇಷ್ಟ. ಕ್ಯಾಲಿಫೋರ್ನಿಯಾದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ಅಲ್ಲಿಗೆ ಬಂದಿದ್ದರು. ಅಲಿ ಅಕ್ಬರ್ ಖಾನರ ಸರೋದಿನ ಜೊತೆ ನುಡಿಸಿದ್ದ ಅವರಿಗೆ ನಮ್ಮ ರಾಗಗಳು ತೀರ ಹೊಸತಲ್ಲ. ಆದರೂ ತಮ್ಮದೇ ವಾದ್ಯದಲ್ಲಿ ರಾಗ ಹೀಗೆ ಹರಿಯುವುದನ್ನು ಕೇಳಿ, ನಿಮ್ಮ ಜೊತೆ ನಾನೂ ಊದಬಹುದೇ ಎಂದು ಅವರೇ ಕೇಳಿದರು. ಇಬ್ಬರೂ ಒಂದೇ ವೇದಿಕೆಯಲ್ಲಿ ನಿಂತರು. ಗೋಪಾಲನಾಥರ ಹೆಸರು ಹೊರದೇಶಕ್ಕೆ ಹೋದದ್ದು ಅಲ್ಲಿಂದ. ಜಾಝ್‌ನವರ ಅಂಗಳಕ್ಕೆ ಹೋಗಿಯೂ ಅವರು ಊದಿದ್ದು ಕರ್ನಾಟಕ ಸಂಗೀತವನ್ನೇ. ಪ್ರಾಗ್, ಬರ್ಲಿನ್‌ಗಳ ಜಾಝ್ ಉತ್ಸವಗಳಲ್ಲಿಯೂ ಹಣೆಯ ವಿಭೂತಿ, ರೇಷ್ಮೆಯ ಜುಬ್ಬಾ, ಚಕ್ಕಳಮಕ್ಕಳ ಹಾಕಿ ಕೂರುವ ಪದ್ಧತಿ ಬಿಡಲಿಲ್ಲ.

1994ರಲ್ಲಿ ಎರಡು ಸಂಗತಿ ನಡೆದವು. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ಅವರ ಕಛೇರಿ. ಅದೇ ವರ್ಷ ಕೆ. ಬಾಲಚಂದರ್ ಅವರ ತಮಿಳು ಚಿತ್ರ 'ಡ್ಯುಯೆಟ್', ಎ. ಆರ್. ರೆಹಮಾನ್ ಸಂಗೀತ. ಅದರ ಕ್ಯಾಸೆಟ್ ನಮ್ಮ ಮನೆಯ ಟೇಪ್‌ರೆಕಾರ್ಡರಿನಲ್ಲಿ ಎಷ್ಟು ತಿರುಗಿತೆಂದರೆ ಕೊನೆಗೆ ಟೇಪು ಸಿಕ್ಕಿಹಾಕಿಕೊಂಡು ಪೆನ್ಸಿಲಿನಲ್ಲಿ ಸುತ್ತಬೇಕಾಯಿತು. ಲಂಡನ್ನಿನ ಸುದ್ದಿ ನಮ್ಮಲ್ಲಿ ಎಷ್ಟು ಜನಕ್ಕೆ ತಲುಪಿತೋ, ಕ್ಯಾಸೆಟ್ಟು ಮಾತ್ರ ಅಡುಗೆಮನೆಯವರೆಗೂ ಬಂತು. ಇನ್ನೊಂದು ಮಾತು: ಅವರ ಕಛೇರಿಗಳಲ್ಲಿ ವರ್ಷಾನುಗಟ್ಟಲೆ ಪಿಟೀಲಿನಲ್ಲಿ ಜೊತೆ ನೀಡಿದವರು ಎ. ಕನ್ಯಾಕುಮಾರಿ. ಆ ಎತ್ತರದ ನಾದಕ್ಕೆ ನಾಲ್ಕು ತಂತಿಯಲ್ಲಿ ಉತ್ತರ ಕೊಡುವ ಅವರ ಬಗ್ಗೆ ನಾವು ಹೆಂಗಸರಾದರೂ ಇನ್ನಷ್ಟು ಮಾತಾಡಬೇಕಿತ್ತು.

ನನ್ನ ತಮ್ಮ ಅಮೆರಿಕದಲ್ಲಿದ್ದಾನೆ. 2008ರಲ್ಲಿ ಬಂದ 'ಕಿನ್ಸ್‌ಮೆನ್' ಎಂಬ ಸಿ.ಡಿ.ಯನ್ನು ಮರುವರ್ಷ ಊರಿಗೆ ಬರುವಾಗ ತಂದುಕೊಟ್ಟ. ಹೆಸರನ್ನು ಬಂಧುಗಳು ಎನ್ನೋಣ. ದಾಯಾದಿಗಳು ಎಂದರೆ ನಮ್ಮಲ್ಲಿ ಕೋರ್ಟು ನೆನಪಾಗುತ್ತದೆ! ಅದರಲ್ಲಿ ಗೋಪಾಲನಾಥರ ಜೊತೆ ಇನ್ನೊಂದು ಸ್ಯಾಕ್ಸೋಫೋನ್, ರುದ್ರೇಶ್ ಮಹಾಂತಪ್ಪ ಎಂಬವರದು. ಮನೆತನದ ಮೂಲ ಕರ್ನಾಟಕ, ತಂದೆ ಭೌತವಿಜ್ಞಾನಿ. ಹುಟ್ಟಿದ್ದು 1971ರಲ್ಲಿ ಇಟಲಿಯಲ್ಲಿ, ಬೆಳೆದದ್ದು ಅಮೆರಿಕದ ಕೊಲೊರಾಡೊದಲ್ಲಿ. ಜಾಝ್‌ನ ಮಹಾ ವಾದಕ ಚಾರ್ಲಿ ಪಾರ್ಕರ್ ಅವರನ್ನು ಮನಸ್ಸಿನಲ್ಲಿಟ್ಟು ಬೆಳೆದ ಹುಡುಗ. ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಓದುವಾಗ ಅಣ್ಣ ತಮಾಷೆಗೆಂಬಂತೆ ಒಂದು ರೆಕಾರ್ಡು ಕೊಟ್ಟರು. ಅದು ಗೋಪಾಲನಾಥರದು. ಕೇಳಿದ ಮೇಲೆ ತಮಾಷೆ ಉಳಿಯಲಿಲ್ಲ.

ಸಿ.ಡಿ. ಹಾಕಿದೆವು. ಮೊದಲ ಹತ್ತು ನಿಮಿಷ ನನಗೆ ತಲೆಬುಡ ತಿಳಿಯಲಿಲ್ಲ. ಡ್ರಮ್ಮು, ಗಿಟಾರು, ನಡುವೆ ಮೃದಂಗ, ಕನ್ಯಾಕುಮಾರಿಯವರ ಪಿಟೀಲು, ಎರಡು ಸ್ಯಾಕ್ಸೋಫೋನ್. ಎರಡನೆಯ ಸಲ ಕೇಳಿದಾಗ ಯಾವುದು ಯಾರದೆಂದು ಗೊತ್ತಾಯಿತು. ಒಂದು ಜಾರುತ್ತದೆ, ಒಂದು ಜಿಗಿಯುತ್ತದೆ. ಒಬ್ಬರು ನಾಗಸ್ವರದ ಮನೆಯಿಂದ ಜಾಝ್ ಅಂಗಳಕ್ಕೆ ಹೋದವರು, ಇನ್ನೊಬ್ಬರು ಜಾಝ್‌ನಿಂದ ಅಪ್ಪನ ಊರಿನ ಸಂಗೀತಕ್ಕೆ ದಾರಿ ಹುಡುಕಿದವರು. ತಮ್ಮ ಸುಮ್ಮನೆ ಕೂತಿದ್ದ. ಅವನ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಆಡಲಿಕ್ಕೆ ಬರುವುದಿಲ್ಲ. "ಇವರಿಗಾದರೂ ಒಂದು ರೆಕಾರ್ಡು ಸಿಕ್ಕಿತು ಅಕ್ಕ," ಎಂದ. ನಾನು ಕಾಫಿಗೆ ಎದ್ದು ಹೋದೆ.

ಗೋಪಾಲನಾಥರಿಗೆ 2004ರಲ್ಲಿ ಪದ್ಮಶ್ರೀ ಬಂತು. 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡರು. ಈಗ ನಮ್ಮ ಮೂರೂ ತಾಲೂಕುಗಳಲ್ಲಿ ಮದುವೆ ಎಂದರೆ ಸ್ಯಾಕ್ಸೋಫೋನೇ ಎಂಬಷ್ಟಾಗಿದೆ. ನುಡಿಸುವ ಹುಡುಗಿಯರೂ ಇದ್ದಾರೆ. ಹಾಗೆಂದು ನನ್ನ ಅಳುಕು ಹೋಯಿತೇ? ವಾದ್ಯ ನಾಗಸ್ವರದ ಮನೆಯಿಂದ ಬಂತೆಂದ ಮಾತ್ರಕ್ಕೆ ಕಂಬಕ್ಕೆ ಒರಗಿ ಕೂತ ಆ ಹಿರಿಯರಿಗೆ ನಾನು ಮಾಡಿದ್ದು ಇಲ್ಲವಾಗುವುದಿಲ್ಲ.

ಕಳೆದ ವರ್ಷ ಕಡಬದಲ್ಲಿ ನಾದಿನಿಯ ಮಗಳ ಮದುವೆ. ಮದುವೆಗೆ ಹೋದರೆ ನಾವು ಸೀರೆ ನೋಡುತ್ತೇವೆ, ಊಟ ನೋಡುತ್ತೇವೆ, ವಾದ್ಯದವರ ಮುಖ ನೋಡುವುದಿಲ್ಲ. ಈ ಸಲ ನಾನು ನೋಡಿದೆ. ಸ್ಯಾಕ್ಸೋಫೋನಿನ ಹುಡುಗನ ಮೂಗು, ಹಣೆ ಎಲ್ಲೋ ಕಂಡಂತಿತ್ತು. ಧಾರೆ ಮುಗಿದ ಮೇಲೆ ಹತ್ತಿರ ಹೋಗಿ ಯಾವ ಊರು, ಯಾರ ಮನೆ ಎಂದು ಕೇಳಿದೆ. ನಮ್ಮ ಆ ಹಿರಿಯರ ಮೊಮ್ಮಗ!

"ಅಜ್ಜನ ನಾಗಸ್ವರ ಉಂಟಾ?"

"ಉಂಟು ಅಕ್ಕ, ಅಟ್ಟದಲ್ಲಿ. ಪೀಪಿ ಒಡೆದುಹೋಗಿದೆ. ಊದುವವರು ಯಾರೂ ಇಲ್ಲ."

ನನ್ನ ಮದುವೆಯ ಸಂಗತಿ ಹೇಳಿದೆ. ಎಷ್ಟೋ ವರ್ಷದಿಂದ ಗಂಟಲಲ್ಲಿದ್ದದ್ದು. ಅವನು ನಕ್ಕ. "ಅದು ನಿಮ್ಮ ಮದುವೆಯಾ! ಅಪ್ಪ ಹೇಳ್ತಾ ಇರ್ತಾರೆ. ಪುತ್ತೂರಲ್ಲೊಂದು ಮದುವೆ ಊಟ ಮಾಡಿ ಬಂದ ಅಜ್ಜ, ಮರುದಿನವೇ ಅವರನ್ನು ಸ್ಯಾಕ್ಸೋಫೋನ್ ಕಲೀಲಿಕ್ಕೆ ಕಳಿಸಿದ್ದಂತೆ. ಅಜ್ಜಿಯ ಬಳೆ ಅಡವಿಟ್ಟು ವಾದ್ಯ ತಂದದ್ದು."

ಬಳೆ ಬಿಡಿಸಿಕೊಂಡರೇ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಮದುಮಕ್ಕಳು ಇಳಿಯುತ್ತಾರೆ, ಊದಿ ಎಂದು ಯಾರೋ ಕೂಗಿದರು. ಅವನು ಓಡಿದ.